ಮನೆಯ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಬದಲಿಸಿದರು

ಆಗ ನನಗೆ ಎಪ್ಪತ್ತೊಂದು. ಅದಾಗಿ ಮೂರು ವರ್ಷವಾಯಿತು.

ಮೂಡುಬಿದಿರೆಯ ಒಂದು ಎ.ಸಿ. ಹಾಲ್. ಹೆಗಲ ಮೇಲೆ ಆಗಷ್ಟೇ ಹೊದೆಸಿದ ಶಾಲು. ಮಡಿಲಲ್ಲಿ ಹಣ್ಣಿನ ಬುಟ್ಟಿ. ಎದುರಿನ ಪರದೆಯ ಮೇಲೆ ನನ್ನ ಮನೆಯ ಹೆಸರು. ಒಂದೊಂದು ಅಕ್ಷರ ನನ್ನ ಕೈಯಷ್ಟು ಉದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ತಣ್ಣಗಿನ ಹಾಲ್‌ನಲ್ಲಿ ಬೆನ್ನಿನಲ್ಲಿ ನೀರಿಳಿಯಿತು.

ಯಾಕೆ? ಹೇಳುತ್ತೇನೆ. ಆದರೆ ಮನೆಯ ಹೆಸರು ಹೇಳುವುದಿಲ್ಲ. ಯೂನಿವರ್ಸಿಟಿ ಯಾವುದು ಎಂದೂ ಹೇಳುವುದಿಲ್ಲ. ಪತ್ರಿಕೆಯವರು ಫೋನ್ ಮಾಡಿ ಕೇಳಿದರು. ಅವರಿಗೂ ಹೇಳಲಿಲ್ಲ. ಈ ಅಂಕಣದ ಮೇಲೆ ಅಜ್ಜಿಯ ಫೋಟೋ ಯಾಕಿಲ್ಲ ಎಂದು ಕೇಳುತ್ತಾ ಇರುತ್ತೀರಲ್ಲ, ಇವತ್ತು ಉತ್ತರ ಸಿಗುತ್ತದೆ.

ನನ್ನ ವಿದ್ಯಾಭ್ಯಾಸ ನಿಮಗೆ ಗೊತ್ತಿದ್ದದ್ದೇ. ಮೂರನೇ ಕ್ಲಾಸು. ಅದೂ ಅರ್ಧ. ಉಳಿದ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಿ. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವಾಗ ರಸ್ತೆ ಬದಿಯಲ್ಲಿ ನಿಂತು ಬಂಟ್ವಾಳ, ಪೊಳಲಿ ಎಂದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದೆ. ಒತ್ತಕ್ಷರ ಕಲಿಸಿದ್ದು ಬಂಟ್ವಾಳವೂ ಬೆಳ್ತಂಗಡಿಯೂ. (ಈಗಲೂ ತಪ್ಪು ಬರೆಯುತ್ತೇನೆ. ತಿದ್ದುವುದು ಪತ್ರಿಕೆಯವರ ಕೆಲಸ. ಬೈಯುವುದು ನನ್ನ ಕೆಲಸ.)

ಸಂಧ್ಯಾ ಎಂಬ ಹುಡುಗಿ ನಮ್ಮ ಬ್ರಾಂಚಿಗೆ ಬಂದದ್ದು ಒಂದು ಮಳೆಗಾಲದಲ್ಲಿ. ಸಂಧ್ಯಾ ಅವಳ ನಿಜವಾದ ಹೆಸರಲ್ಲ. ಬಳ್ಳಾರಿ ಕಡೆಯವಳು. ಅವಳಿಗಿಂತ ಅವಳ ಬ್ಯಾಗ್ ದೊಡ್ಡದು. ಬಂಟ್ವಾಳ ತಾಲೂಕಿನಲ್ಲಿ ಬೀಡಿ ಕಟ್ಟುವ ಹೆಂಗಸರ ಬದುಕಿನ ಮೇಲೆ ಪಿಎಚ್.ಡಿ. ಮಾಡುತ್ತಾಳಂತೆ.

ನಮ್ಮ ಹೆಂಗಸರು ಬಾಯಿ ಬಿಡಬೇಕಲ್ಲ? ಪ್ರಶ್ನೆ ಕೇಳಿದರೆ ಬೀಡಿ ನೋಡುತ್ತಾರೆ, ಮುಖ ನೋಡುವುದಿಲ್ಲ. ಹುಡುಗಿ ಕೊಡೆ ಹಿಡಿದುಕೊಂಡು ದಿನಾ ನಿಂತಳು, ದಿನಾ ಹೋದಳು. ಕೊನೆಗೆ ನಾನೇ ಹೇಳಿದೆ, “ಪಾಪದ ಹುಡುಗಿ ಮಾರಾಯ್ತಿ, ಎರಡು ಮಾತು ಆಡಿದರೆ ನಿಮ್ಮ ಬಾಯಿ ಸವೆಯುತ್ತದಾ?”

ಆಮೇಲೆ ಮಾತು ನಿಂತದ್ದೇ ಇಲ್ಲ. ಸೊಂಟ ನೋವು, ಕೆಮ್ಮು, ಅತ್ತೆ, ಗಂಡ, ಗಂಡನ ಕುಡಿತ. ಸಂಧ್ಯಾ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಬಾಯಿ ಬಿಡದೆ ಉಳಿದವಳು ಒಬ್ಬಳೇ. ಪುಷ್ಪ. (ಇದೂ ಅವಳ ಹೆಸರಲ್ಲ.)

ಪುಷ್ಪ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳೂ ಅವಳ ಮಗಳೂ. ಮಗಳು ಆಗ ಎಂಟನೇ ಕ್ಲಾಸು. ಪುಷ್ಪಳ ಗಂಡನ ಊರು ಬೆಳ್ತಂಗಡಿಯಿಂದ ಮೇಲೆ. ಅವನು ಅವಳ ಎಡಗೈ ಮುರಿದಿದ್ದ. ಅವಳು ಮಗಳನ್ನು ಕರೆದುಕೊಂಡು ಓಡಿದಳು. ಅಡಗಿದ್ದ ಮನೆಯನ್ನು ಹುಡುಕಿ ಬಂದು ಬಾಗಿಲಿಗೆ ಸೀಮೆಎಣ್ಣೆ ಸುರಿದ. ನೆರೆಯವರು ಸೇರಿದ್ದಕ್ಕೆ ಬೆಂಕಿಕಡ್ಡಿ ಗೀರಲಿಕ್ಕೆ ಆಗಲಿಲ್ಲ. ಅಲ್ಲಿಂದಲೂ ಓಡಿ ನಮ್ಮಲ್ಲಿಗೆ ಬಂದಳು. ಕಂಪ್ಲೇಂಟ್ ಕೊಡಲಿಲ್ಲವಾ ಎಂದು ನೀವು ಕೇಳುತ್ತೀರಿ. ಕೊಟ್ಟಿದ್ದಳು. ಅವನು ಜಾಮೀನಿನಲ್ಲಿ ಹೊರಗೆ ಬಂದ. ಇವಳು ಒಳಗೆ ಕೂತಳು.

ಆದ್ದರಿಂದ ಪುಷ್ಪ ಪೇಟೆಗೆ ಹೋಗುವವಳಲ್ಲ. ಜಾತ್ರೆ, ಮದುವೆ ಯಾವುದಕ್ಕೂ ಇಲ್ಲ. ಅಂಗಳಕ್ಕೆ ಬೈಕ್ ಬಂದರೆ ಬೀಡಿ ಕಟ್ಟುವ ಮೊರ, ಅದೇ ಗೆರಸೆ, ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಬೀಡಿ ಎಲೆಯೂ ಹೊಗೆಸೊಪ್ಪೂ ನೆಲಕ್ಕೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ.

ಸಂಧ್ಯಾ ನನ್ನನ್ನು ನೋಡಲು ಮನೆಗೆ ಬರುತ್ತಿದ್ದಳು. ಬಂದಾಗಲೆಲ್ಲ ಪುಷ್ಪಳ ಹತ್ತಿರ ಕೂತು ನೂಲು ಸುತ್ತಲು ಕಲಿಯುತ್ತಿದ್ದಳು. ಹಾಳು ಮಾಡುತ್ತಿದ್ದಳು ಎನ್ನಿ. ಒಂದು ದಿನ ಪುಷ್ಪಳೇ ಕೇಳಿದಳು.

“ನಾನು ಹೇಳಿದರೆ ಹೆಸರು ಬರ್ತದಾ?”

“ಇಲ್ರಿ ಅಕ್ಕ, ಹೆಸರು ಬರಂಗಿಲ್ಲ. ಬದಲಿ ಮಾಡ್ತೀವಿ. ನೋಡ್ರಿ, ಇಲ್ಲಿ ಬರದದ” ಎಂದು ಸಂಧ್ಯಾ ಕಾಗದ ಓದಿ ಹೇಳಿದಳು. ಬೇಡ ಎನಿಸಿದರೆ ಯಾವಾಗ ಬೇಕಾದರೂ ಬೇಡ ಎನ್ನಬಹುದಂತೆ. ಪುಷ್ಪ ಸಹಿ ಹಾಕಿದಳು. ಆಮೇಲೆ ಎಲ್ಲ ಹೇಳಿದಳು, ತುಳುವಿನಲ್ಲಿ. ಕೈ ಮುರಿದದ್ದು, ಸೀಮೆಎಣ್ಣೆ, ಎಲ್ಲ. ಭಾಷೆ ಬಾರದ ಹುಡುಗಿ ಸ್ವರ ಕೇಳಿಯೇ ಕಣ್ಣು ಒರೆಸಿಕೊಂಡಳು. ಹೇಳಿದವಳು ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಇನ್ನು ನಮ್ಮ ಊರಿನ ಒಂದು ಸಂಗತಿ. ಈ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ.

ನಮ್ಮಲ್ಲಿ ಜನರನ್ನು ಹೆಸರಿನಿಂದ ಗುರುತಿಸುವುದಿಲ್ಲ, ಮನೆಯ ಹೆಸರಿನಿಂದ ಗುರುತಿಸುತ್ತಾರೆ. ಇಂಥ ಮನೆಯ ಅಜ್ಜಿ, ಇಂಥ ಮನೆಯ ಕಿರಿ ಸೊಸೆ. ಬ್ಯಾರಿ ಮುಸ್ಲಿಮರಿರಲಿ, ಹಿಂದುಗಳಿರಲಿ, ಹಾಗೆಯೇ. ಒಮ್ಮೆ ಆಸ್ಪತ್ರೆಯಲ್ಲಿ ನರ್ಸ್ ನನ್ನ ಹೆಸರು ಕೂಗಿದರು. ಯಾರೋ ಪಾಪ, ಕಿವಿ ಕೇಳದವಳು ಇರಬೇಕು ಎಂದು ನಾನು ಆಚೆ ಈಚೆ ನೋಡಿದೆ. ನನ್ನನ್ನೇ ಕೂಗಿದ್ದು! ಕೊನೆಗೆ ಮನೆಯ ಹೆಸರು ಹೇಳಿ ಕರೆದ ಮೇಲೆ ಎದ್ದೆ. ನೀವು ಯಾವ ರಿಕ್ಷಾದವನ ಹತ್ತಿರವಾದರೂ ಮನೆಯ ಹೆಸರು ಹೇಳಿ. ಅಂಗಳದಲ್ಲಿ ತಂದು ಇಳಿಸುತ್ತಾನೆ. ನಮ್ಮ ಮನೆಯ ಹೆಸರಿನ ಇನ್ನೊಂದು ಮನೆ ಈ ತಾಲೂಕಿನಲ್ಲಿಲ್ಲ.

ಈಗ ಹಾಲ್‌ಗೆ ಬರುವ.

ಸಂಧ್ಯಾಳ ಕೆಲಸ ಮುಗಿಯುತ್ತಾ ಬಂದಿತ್ತು. ಮೂಡುಬಿದಿರೆಯಲ್ಲಿ ಸೆಮಿನಾರ್. ನನಗೆ ಸನ್ಮಾನವಂತೆ. ಪುಷ್ಪಳನ್ನೂ ಕರೆದಿದ್ದಳು. ಅವಳು ನಕ್ಕು, “ನನ್ನ ಪಾಲಿನ ಶಾಲನ್ನೂ ನೀವೇ ಹೊದ್ದುಕೊಂಡು ಬನ್ನಿ ದೊಡ್ಡಮ್ಮ” ಎಂದಳು. ನಾನೊಬ್ಬಳೇ ಬಿ.ಸಿ. ರೋಡಿನಿಂದ ಬಸ್ ಹತ್ತಿದೆ.

ಪರದೆಯ ಮೇಲೆ ಪುಷ್ಪ ಬಂದಳು. ಮುಖ ಮಂಜು ಮಂಜು ಮಾಡಿದ್ದರು. ಹೆಸರು ‘ಕಮಲ’ ಎಂದಿತ್ತು. ಸರಿ. ಒಬ್ಬಳೇ ಮಗಳಿದ್ದಾಳೆ ಎಂದಿತ್ತು. ಗಂಡನ ಊರು ಬೆಳ್ತಂಗಡಿ ಕಡೆ ಎಂದಿತ್ತು. ಅದರ ಕೆಳಗೆ, ಮನೆಯ ಹೆಸರು.

ಸಂಧ್ಯಾ ಹೆಮ್ಮೆಯಿಂದ ಹೇಳುತ್ತಿದ್ದಳು. ವ್ಯಕ್ತಿಗಳ ಹೆಸರೆಲ್ಲ ಬದಲಿಸಿದ್ದೇವೆ, ಊರಿನ ಹೆಸರೂ ಹಾಕಿಲ್ಲ, ಆದರೆ ಮನೆಯ ಹೆಸರು ಈ ನೆಲದ ಸಂಸ್ಕೃತಿ, ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಆಮೇಲೆ ಪುಷ್ಪಳ ಸ್ವರ ಕೇಳಿಸಿತು. ನಮ್ಮ ಹೊರಕೋಣೆಯ ಸ್ವರ, ನಾಲ್ಕು ಮೂಲೆಯ ಸ್ಪೀಕರಿನಲ್ಲಿ. “ಮಗು ಮಲಗಿದ ಬದಿಯ ಬಾಗಿಲಿಗೇ ಸುರಿದ” ಎನ್ನುವಲ್ಲಿಗೆ ನಿಲ್ಲಿಸಿದರು.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಪಕ್ಕದವನಿಗೆ ಹೇಳಿದ, “ಇದು ನಮ್ಮ ಬದಿಯ ತುಳು ಮಾರಾಯ.” ಹೇಳಿ ಫೋನ್ ಎತ್ತಿದ. ಪರದೆಯ ಫೋಟೋ ತೆಗೆದ.

ನಾನು ಯಾಕೆ ಎದ್ದು ಬೊಬ್ಬೆ ಹಾಕಲಿಲ್ಲ? ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ. ಆದರೆ ಬೊಬ್ಬೆ ಹಾಕಿದರೆ, ಓದದೆ ಕೂತವರೂ ಓದುತ್ತಾರೆ. ಮನೆಯ ಹೆಸರು ಯಾಕೆ ತೆಗೆಯಬೇಕು ಎಂದು ಕೇಳುತ್ತಾರೆ. ಕಾರಣ ಹೇಳಿದರೆ ಉಳಿದದ್ದೂ ಹೊರಗೆ ಬಂತು. ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಕೂತೆ. ಅಷ್ಟರಲ್ಲಿ ಸಂಧ್ಯಾಳ ಮೇಡಂ, ಅವಳ ಗೈಡು, ಮೈಕಿನಲ್ಲಿ ಹೇಳಿದರು: ಇದನ್ನೆಲ್ಲ ಇವತ್ತು ಸಂಜೆ ವೆಬ್‌ಸೈಟಿಗೆ ಹಾಕುತ್ತೇವೆ. ಯಾರು ಬೇಕಾದರೂ ನೋಡಬಹುದು, ಕೇಳಬಹುದು.

ಯಾರು ಬೇಕಾದರೂ!

ಊಟಕ್ಕೆ ಬಿಟ್ಟರು. ನಾನು ಮೊದಲು ಹಿಡಿದದ್ದು ಆ ಹುಡುಗನನ್ನು. ಅವನೇ ಹತ್ತಿರ ಬಂದ.

“ಅಜ್ಜಿ, ನಿಮ್ಮೊಟ್ಟಿಗೆ ಒಂದು ಸೆಲ್ಫಿ?”

“ಸೆಲ್ಫಿ ಇರಲಿ. ಆಗ ಪರದೆಯ ಫೋಟೋ ಎಂತಕ್ಕೆ ತೆಗೆದದ್ದು?”

“ಅಮ್ಮನಿಗೆ ಕಳಿಸ್ಲಿಕ್ಕೆ. ಅಮ್ಮನೂ ಬೀಡಿ ಕಟ್ತಾರೆ. ಆ ಮನೆ ಹೆಸರು ಒಳ್ಳೆ ತಮಾಷೆ ಉಂಟಲ್ಲ?”

“ಯಾವ ಊರು ಮಗಾ ನಿನ್ನದು?”

“ಬೆಳ್ತಂಗಡಿಯಿಂದ ಸ್ವಲ್ಪ ಮೇಲೆ.”

ಕೈಯಲ್ಲಿದ್ದ ಊಟದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟೆ.

“ಅಳಿಸು ಅದನ್ನು.”

“ಯಾಕಜ್ಜಿ?”

ಏನು ಹೇಳುವುದು? “ಆ ಮನೆಯ ದೈವ ಭಾರಿ ಜೋರು. ಹೇಳದೆ ಕೇಳದೆ ಮನೆಯ ಹೆಸರು ಹೊರಗೆ ತಂದದ್ದು ಅದಕ್ಕೆ ಆಗುವುದಿಲ್ಲ. ಆ ಹುಡುಗಿಗೆ ಗೊತ್ತಿಲ್ಲ, ಘಟ್ಟದವಳು. ನಿನಗೆ ಗೊತ್ತಿರಬೇಕಲ್ಲ?”

ಹುಡುಗನ ಮುಖ ಇಷ್ಟಾಯಿತು. ಅಲ್ಲೇ ನನ್ನೆದುರೇ ಅಳಿಸಿದ. (ಸುಳ್ಳು ಹೇಳಿದೆ. ದೈವಕ್ಕೆ ಕೈ ಮುಗಿದು ಹೇಳಿಕೊಂಡಿದ್ದೇನೆ.) ಅಳಿಸಿದವನು ತಲೆ ತುರಿಸಿಕೊಂಡ.

“ಗ್ರೂಪಿಗೂ ಹಾಕಿ ಆಯ್ತಲ್ಲ ಅಜ್ಜಿ...”

“ಯಾವ ಗ್ರೂಪು?”

“ಫ್ಯಾಮಿಲಿ ಗ್ರೂಪು. ಊರಿನ ಸಂಬಂಧಿಕರೆಲ್ಲ ಇದ್ದಾರೆ. ನಿಲ್ಲಿ, ಅಲ್ಲಿಂದಲೂ ತೆಗೀತೇನೆ.” ತೆಗೆದ. “ಹೋಯ್ತು ಅಜ್ಜಿ. ಹೆದರ್ಬೇಡಿ.”

“ಯಾರಾದರೂ ನೋಡಿದ್ದಾರಾ?”

“ಒಬ್ಬರು ಮಾವ ನೋಡಿದ್ದಾರೆ. ‘ಇದು ಎಲ್ಲಿ’ ಅಂತ ಕೇಳಿದ್ದಾರೆ.”

ಅವನಿಗೆ ಅದು ದೊಡ್ಡ ಸಂಗತಿಯೇ ಅಲ್ಲ. ಮಾವನ ಹೆಸರು ಕೇಳಲು ನನಗೆ ಧೈರ್ಯ ಬರಲಿಲ್ಲ. ಯಾಕೆ ಕೇಳುತ್ತೀರಿ ಎಂದು ಅವನು ಕೇಳಿದರೆ? ಆ ಮಾವನಿಗೆ ಹೇಳಿದರೆ? ಆ ಎರಡು ಶಬ್ದ ಮಾತ್ರ ಇವತ್ತಿಗೂ ಕಿವಿಯಲ್ಲಿ ಉಂಟು. ಇದು ಎಲ್ಲಿ. ಯಾರೋ ಸುಮ್ಮನೆ ಕೇಳಿದ್ದಿರಬಹುದು. ಸುಮ್ಮನೆ ಕೇಳುವವನೂ ಹಾಗೆಯೇ ಕೇಳುತ್ತಾನೆ, ಹುಡುಕುವವನೂ ಹಾಗೆಯೇ ಕೇಳುತ್ತಾನೆ.

ಸಂಧ್ಯಾಳನ್ನು ಕೈ ತೊಳೆಯುವಲ್ಲಿ ಹಿಡಿದೆ.

“ಊರಿನ ಹೆಸರು ಹಾಕಿಲ್ರಿ ಅಮ್ಮ” ಎಂದಳು.

“ಊರು ಎಂತಕ್ಕೆ ಮಗಳೇ? ಮನೆ ಹೇಳಿದ ಮೇಲೆ ಊರು ತಾನಾಗಿ ಬರುತ್ತದೆ. ವರ್ಷವಿಡೀ ನಮ್ಮ ಮನೆಗಳ ಹೆಸರು ಕೇಳಿ ಕೇಳಿ ಬರೆದುಕೊಂಡೆಯಲ್ಲ. ಅದು ಯಾಕೆ ಇರುವುದು ಎಂದು ಗೊತ್ತಾಗಲಿಲ್ಲವಾ?”

ಅವಳ ಕೈ ಹಾಗೆಯೇ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. ಒದ್ದೆ ಕೈಯಲ್ಲೇ ನನ್ನನ್ನು ಮೇಡಂ ಹತ್ತಿರ ಕರೆದುಕೊಂಡು ಹೋದಳು.

ಮೇಡಂ ಮೊದಲು ಹೇಳಿದ್ದು, “ಅಮ್ಮ, ಅವರು ಸೈನ್ ಹಾಕಿದ್ದಾರಲ್ಲ. ಹೆಸರು ಬದಲಿಸಬೇಕು ಅಂತ ನಿಯಮ. ಬದಲಿಸಿದ್ದೇವೆ.”

“ನಿಮ್ಮ ಹೆಸರು ಬದಲಿಸಿ, ನಿಮ್ಮ ಮನೆಯ ಬೀಗದ ಕೈಯನ್ನು ಕಳ್ಳನಿಗೆ ಕೊಟ್ಟರೆ ಆಗಬಹುದಾ ಮೇಡಂ?”

ಆಮೇಲೆ ತಗ್ಗಿದ ಸ್ವರದಲ್ಲಿ ಎಲ್ಲ ಹೇಳಿದೆ. ಜಾಮೀನು, ಸೀಮೆಎಣ್ಣೆ, ಫ್ಯಾಮಿಲಿ ಗ್ರೂಪು. ಮೇಡಂ ಎದ್ದು ಬಾಗಿಲು ಹಾಕಿದರು. ಇದು ನನಗೆ ಹಿಡಿಸಿತು. ವಾದ ಮಾಡಲಿಲ್ಲ. ಫೋನ್ ತೆಗೆದು ವೆಬ್‌ಸೈಟಿನವರಿಗೆ “ಹಾಕಬೇಡಿ, ಏನನ್ನೂ ಹಾಕಬೇಡಿ” ಎಂದರು. ಆಮೇಲೆ ಸಂಧ್ಯಾಳ ಕಡೆ ತಿರುಗಿದರು.

“ಎಲ್ಲೆಲ್ಲಿ ಉಂಟು ಇದು?”

ಅವಳ ಲ್ಯಾಪ್‌ಟಾಪಿನಲ್ಲಿ. ಪೆನ್‌ಡ್ರೈವಿನಲ್ಲಿ. ಮೇಡಂಗೆ ಕಳಿಸಿದ ಮೇಲ್‌ನಲ್ಲಿ. ಸೆಮಿನಾರಿಗೆ ಬಂದವರ ವಾಟ್ಸ್ಯಾಪ್ ಗ್ರೂಪಿನಲ್ಲಿ. ಹಾಲ್‌ನ ಕಂಪ್ಯೂಟರಿನಲ್ಲಿ. ಇನ್ನು ಒಬ್ಬ ಗೆಳತಿಯ ಹತ್ತಿರ.

“ಗೆಳತಿಗೆ ಯಾಕೆ ಕೊಟ್ಟೆ?”

“ನಂಗ ತುಳು ಬರಂಗಿಲ್ಲ ಮೇಡಂ. ಅಕಿ ಕೇಳಿ ಕನ್ನಡದಾಗ ಟೈಪ್ ಮಾಡಿ ಕೊಟ್ಲು.”

ಅವಳು ಒಂದೊಂದು ಜಾಗ ಹೇಳಿದ ಹಾಗೆ ನಮ್ಮ ಅಂಗಳಕ್ಕೆ ಒಂದೊಂದು ದಾರಿ ತೆರೆದ ಹಾಗೆ ಆಯಿತು ನನಗೆ. ಬೀಡಿ ಕಟ್ಟುವಲ್ಲಿ ಫ್ಯಾನ್ ಹಾಕಿದರೆ ಹೊಗೆಸೊಪ್ಪಿನ ಹುಡಿ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಯಾರಿಗೆ ಗೊತ್ತು? ರಾತ್ರಿ ಊಟಕ್ಕೆ ಕೂತಾಗ ಅನ್ನದಲ್ಲಿ ಸಿಗುತ್ತದೆ.

“ಎಲ್ಲ ಕಡೆಯಿಂದ ತೆಗೆಯಬಹುದಾ?” ಎಂದು ಕೇಳಿದೆ.

ಮೇಡಂ ಆ ಜಾಗಗಳನ್ನು ಬೆರಳಿನಲ್ಲಿ ಎಣಿಸಿದರು. “ನಮ್ಮ ಕೈಯಲ್ಲಿ ಇರುವುದನ್ನು ತೆಗೆಯಬಹುದು. ಬೇರೆಯವರು ಡೌನ್‌ಲೋಡ್ ಮಾಡಿದ್ದರೆ... ಗೊತ್ತಿಲ್ಲ ಅಮ್ಮ.” ಮತ್ತೆ ಹೇಳಿದರು, “ಅವರಿಗೆ ತಿಳಿಸಲೇಬೇಕು. ನಾನೇ ಬಂದು ಹೇಳ್ತೇನೆ.”

“ನಿಮ್ಮ ಕಾರು ನಮ್ಮ ಅಂಗಳಕ್ಕೆ ಬರುವುದು ಬೇಡ. ನಾನೇ ಹೇಳುತ್ತೇನೆ.”

ಹೇಳುತ್ತೇನೆ ಎಂದದ್ದು ಸುಲಭ. ಬಸ್ಸಿನಲ್ಲಿ ಬರುವಾಗ ಪ್ರತಿಯೊಬ್ಬ ಗಂಡಸಿನ ಫೋನಿನ ಮೇಲೆ ನನ್ನ ಕಣ್ಣು. ಯಾರಾದರೂ ಫೋನ್ ನೋಡಿ ನಕ್ಕರೆ ಕುತ್ತಿಗೆ ಚಾಚಿ ಇಣುಕುತ್ತಿದ್ದೆ. ನಮ್ಮ ಸ್ಟಾಪಿನಲ್ಲಿ ಇಳಿಯುವಾಗ ಹಿಂದೆ ಯಾರು ಇಳಿದರು ಎಂದು ನಿಂತು ನೋಡಿದೆ. ಒಬ್ಬ ಮೇಸ್ತ್ರಿ ಇಳಿದ. ಚಿಕ್ಕಂದಿನಿಂದ ಕಂಡವನು. ಅವನನ್ನೂ ಸಂಶಯದಿಂದ ನೋಡಿದೆ. ಪಾಪ, “ಶಾಲು ಜೋರುಂಟಲ್ಲ ಅಜ್ಜಿ” ಎಂದ.

ಪುಷ್ಪ ಅಂಗಳದಲ್ಲೇ ಇದ್ದಳು. “ದೊಡ್ಡಮ್ಮ, ನನ್ನ ಪಾಲಿನ ಶಾಲು ಎಲ್ಲಿ?” ಎಂದು ನಕ್ಕಳು.

ಒಳಗೆ ಕೂರಿಸಿ ಹೇಳಿದೆ. ಸುತ್ತು ಬಳಸು ನನಗೆ ಬರುವುದಿಲ್ಲ. ಅವಳು ಕತ್ತರಿಯನ್ನು ಗೆರಸೆಯಲ್ಲಿಟ್ಟಳು.

“ಯಾವ ಮಾವ?”

“ಗೊತ್ತಿಲ್ಲ. ಯಾರೋ ಇರಬಹುದು. ನಿನ್ನ ಗಂಡನಿಗೆ ಸಂಬಂಧದವನೇ ಆಗಬೇಕೆಂದಿಲ್ಲ.”

“ಆಗಿರಬಾರದು ಅಂತಲೂ ಇಲ್ಲವಲ್ಲ ದೊಡ್ಡಮ್ಮ.”

ಅಳಲಿಲ್ಲ. ನನ್ನನ್ನು ಬೈಯಲಿಲ್ಲ, ಸಂಧ್ಯಾಳನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಮಗಳು ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಯಾರೂ ಹೇಳದೆ ಪೆನ್ನಿನ ಮುಚ್ಚಳ ಹಾಕಿ ಪುಸ್ತಕಗಳನ್ನು ಚೀಲಕ್ಕೆ ತುಂಬಿಸಿದಳು. ಆಮೇಲೆ ಬಟ್ಟೆ ಮಡಚಲು ಶುರು ಮಾಡಿದಳು. ಅಭ್ಯಾಸ ಆದ ಮಗು.

“ಅಮ್ಮ, ಟಿ.ಸಿ.?” ಎಂದಿತು ಅದು.

“ಟಿ.ಸಿ. ಬೇಡ. ಯಾವ ಶಾಲೆಗೆ ಅಂತ ಕೇಳಿ ಬರೆದುಕೊಳ್ತಾರೆ.”

ಮಗುವಿನ ಒಂದು ವರ್ಷ ಅಲ್ಲಿಗೆ ಹೋಯಿತು. ಪರದೆಯ ಮೇಲಿನ ಒಂದು ಸಾಲಿಗೆ.

ಕತ್ತಲಾಗುವ ಮೊದಲು ಮೇಡಂ ಫೋನ್ ಬಂತು. ವೆಬ್‌ಸೈಟಿಗೆ ಹೋಗಿಲ್ಲ. ಗೆಳತಿ ಅಳಿಸಿದ್ದಾಳೆ. ಸೆಮಿನಾರಿನ ಗ್ರೂಪಿನಿಂದ ತೆಗೆದಾಗಿದೆ. ಸಂಧ್ಯಾಳ ಬರಹದಲ್ಲಿ ಪುಷ್ಪ ಇನ್ನು ಇರುವುದೇ ಇಲ್ಲ. “ಆದರೆ ಪೂರ್ತಿ ಹೋಯಿತು ಅಂತ ನಾನು ಆಣೆ ಹಾಕಲಾರೆ ಅಮ್ಮ” ಎಂದರು. ಅಷ್ಟು ನಿಜ ಹೇಳಿದ್ದಕ್ಕೆ ಅವರ ಮೇಲೆ ಗೌರವ ಉಂಟು. ಮತ್ತೆ ಕೇಳಿದರು, “ಅವರು ಎಲ್ಲಿಗೆ ಹೋಗ್ತಾರೆ ಅಂತ ಹೇಳಿ. ನಾವು ಸಹಾಯ ಮಾಡ್ತೇವೆ. ಜೋಪಾನವಾಗಿ ಇಟ್ಟುಕೊಳ್ತೇವೆ.”

“ಜೋಪಾನ ಮಾಡುವುದು ಬೇಡ ಮೇಡಂ. ಇಟ್ಟುಕೊಳ್ಳುವುದೇ ಬೇಡ.”

ಇದನ್ನೆಲ್ಲ ಈಗ ಯಾಕೆ ಬರೆದೆ? ಕಳೆದ ವಾರ ಬ್ರಾಂಚಿಗೆ ಇನ್ನೊಬ್ಬಳು ಬಂದಳು. ಹೊಸ ಬ್ಯಾಗ್, ಹೊಸ ಫೋನ್, ಅದೇ ನಗು. ನಾನು ಅಡ್ಡ ನಿಂತೆ. ಎಲ್ಲಿಡುತ್ತೀ? ಯಾರಿಗೆಲ್ಲ ಕೇಳಿಸುತ್ತೀ? ಟೈಪ್ ಮಾಡುವುದು ಯಾರು? ನಿನ್ನ ಡಿಗ್ರಿ ಆದ ಮೇಲೆ ಅದನ್ನು ಏನು ಮಾಡುತ್ತೀ? ಅಷ್ಟೆಲ್ಲ ನಿನಗೆ ಬೇಕಾ, ಇಲ್ಲ ಸಿಕ್ಕಿತು ಅಂತ ತೆಗೆದುಕೊಳ್ಳುವುದಾ? ಹುಡುಗಿ ಬೆವರಿದಳು. ನಮ್ಮ ಹೆಂಗಸರು ನಕ್ಕರು. ನಗಲಿ.

ನೀವೂ ನಗಬಹುದು. ಬಟ್ಟೆ ಅಂಗಡಿಯಲ್ಲಿ ಕೇಳಿದ ಕೂಡಲೇ ಫೋನ್ ನಂಬರ್ ಹೇಳುವವರು ನೀವು. ಲಕ್ಕಿ ಡ್ರಾ ಎಂದರೆ ಮಗುವಿನ ಹುಟ್ಟಿದ ದಿನವನ್ನೂ ಬರೆದು ಡಬ್ಬಿಗೆ ಹಾಕುವವರು. ನಿಮ್ಮನ್ನು ಹುಡುಕುವವರು ಯಾರೂ ಇಲ್ಲದಿದ್ದರೆ ಅದು ನಿಮ್ಮ ಪುಣ್ಯ.

ಸಂಧ್ಯಾಳ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟವಳಾಗಿದ್ದರೆ ನಾನು ಮನೆಯೊಳಗೆ ಬಿಡುತ್ತಿರಲಿಲ್ಲ. ಒಳ್ಳೆಯವಳು ಎಂದೇ ಬಿಟ್ಟದ್ದು. ನನಗೆ ಹೆದರಿಕೆ ಆಗುವುದು ಅದಕ್ಕೇ.

ಪುಷ್ಪಳ ಗಂಡ ಇವತ್ತಿನವರೆಗೆ ನಮ್ಮ ಅಂಗಳಕ್ಕೆ ಬಂದಿಲ್ಲ. ಬರುವುದಿಲ್ಲ ಎಂದು ನನಗೆ ಯಾರೂ ಬರೆದು ಕೊಟ್ಟಿಲ್ಲ. ಗೇಟಿನ ಹತ್ತಿರ ಬೈಕ್ ನಿಧಾನವಾದರೆ ಈಗಲೂ ನನ್ನ ಕೈಯಲ್ಲಿ ನೂಲು ತುಂಡಾಗುತ್ತದೆ. ಬಂದರೆ ಕೇಳುತ್ತಾನೆ. ಕೇಳುವ ರೀತಿಯಲ್ಲಿ ಕೇಳಿದರೆ, ಗೊತ್ತಿರುವುದನ್ನು ನಾನು ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡೇನು? ಮುದಿ ಎಲುಬು ನನ್ನದು.

ಅದನ್ನು ಆ ದಿನ ಸಂಜೆಯೇ ಯೋಚಿಸಿದ್ದೆ.

ಮರುದಿನ ಬೆಳಿಗ್ಗೆ ಅವರಿಬ್ಬರನ್ನು ರಸ್ತೆಯವರೆಗೆ ಬಿಟ್ಟೆ. ಅಲ್ಲಿ ಎರಡೂ ಕಡೆಯ ಬಸ್ ನಿಲ್ಲುತ್ತದೆ. “ಎಲ್ಲಿಗೆ ಅಂತ ಹೇಳಬೇಡ. ಫೋನ್ ಮಾಡಬೇಡ” ಎಂದೆ. ಪುಷ್ಪ ನನ್ನ ಕಾಲು ಮುಟ್ಟಲು ಬಗ್ಗಿದಳು. ಹೊತ್ತಾಯಿತು, ಬಿಡು ಎಂದೆ. ಶಾಲನ್ನು ಮಗುವಿನ ಹೆಗಲಿಗೆ ಹಾಕಿ ಮನೆಯ ಕಡೆ ತಿರುಗಿದೆ. ಹಿಂದೆ ಬಸ್ ಬಂದು ನಿಂತ ಸದ್ದಾಯಿತು, ಹೊರಟ ಸದ್ದಾಯಿತು.

ಬಸ್ಸಿನ ಬೋರ್ಡು ಓದಲು ನನಗೆ ಬರುತ್ತದೆ. ಅದಕ್ಕೇ ತಿರುಗಿ ನೋಡಲಿಲ್ಲ.